ದೊಡ್ಡವ್ವನ ಹಣೆಯ ವಿಭೂತಿ

“ಅಣ್ಣಾ, ಸೀರಿ ಯಾವ ಕಲರ್ ಹಾಕ್ಲಿ?”

“ಯಾವುದರೆ ಹಾಕಪ್ಪಾ. ಛಂದ ಕಂಡ್ರ ಸಾಕು.”

ಇದು ಈ ವಾರ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಫೋಟೊ ಸ್ಟುಡಿಯೊದಲ್ಲಿ ಕೇಳಿದ ಮಾತು. ಕೇಳಿದವನು ಕಂಪ್ಯೂಟರ್ ಮುಂದೆ ಕೂತ ಹುಡುಗ. ಉತ್ತರ ಕೊಟ್ಟವನು ನಮ್ಮ ದೊಡ್ಡವ್ವನ ಮಗ. ತೀರಿಕೊಂಡ ದೊಡ್ಡವ್ವನ ಶಿವಗಣಾರಾಧನೆಗೆ ಫೋಟೊ ಬೇಕಿತ್ತು, ಓಣಿಯ ಮೂಲೆಯ ಫ್ಲೆಕ್ಸಿಗೂ ಬೇಕಿತ್ತು. ದೊಡ್ಡವ್ವ ಒಬ್ಬಳೇ ಇರುವ ಫೋಟೊ ಮನೆಯಲ್ಲಿ ಒಂದೂ ಸಿಗಲಿಲ್ಲ. ಆಧಾರ್ ಕಾರ್ಡಿನದರಲ್ಲಿ ಕಣ್ಣು ಅರ್ಧ ಮುಚ್ಚಿತ್ತು. ಕೊನೆಗೆ ಯಾರದೋ ಮದುವೆಯ ಗ್ರೂಪ್ ಫೋಟೊ ಸಿಕ್ಕಿತು. ಹಿಂದಿನ ಸಾಲಿನಲ್ಲಿ ನಿಂತಿದ್ದಾಳೆ. ತಲೆ ಮೇಲೆ ಸೆರಗು. ಮುಂದೆ ನಿಂತವನ ಭುಜ ಅವಳ ಗದ್ದದವರೆಗೂ ಬಂದಿದೆ.

ಹುಡುಗ ಮುಖವನ್ನಷ್ಟೇ ಕತ್ತರಿಸಿ ತೆಗೆದ. ಅವನ ಹತ್ತಿರ ರೆಡಿ ಮೈಗಳಿದ್ದವು. ಕೊರಳಿನಿಂದ ಕೆಳಗೆ ರೇಷ್ಮೆ ಸೀರೆ, ಎರಡೆಳೆ ಸರ, ಬಣ್ಣ ಬದಲಾಯಿಸಬಹುದು. ಒಂದರ ಮೇಲೆ ಮುಖ ಕೂರಿಸಿದ. ಹಸಿರು ಹಾಕಿದ. ಆಮೇಲೆ ಮುಖ ದೊಡ್ಡದು ಮಾಡಿಕೊಂಡು ಕ್ಲೀನ್ ಮಾಡತೊಡಗಿದ. ಕಣ್ಣಿನ ಕೆಳಗಿನ ಗೆರೆ ಹೋಯಿತು. ಗದ್ದದ ಮೇಲಿನ ಮಚ್ಚೆ ಹೋಯಿತು. ಹಣೆಯ ಮೇಲೆ ಬೆಳ್ಳಗೆ ಏನೋ ಮಸುಕು ಕಂಡಿತು, ಫ್ಲ್ಯಾಶಿನ ಬೆಳಕು ಬಿದ್ದಿರಬೇಕೆಂದು ಅದನ್ನೂ ಒರೆಸಿದ.

ಅದು ವಿಭೂತಿ. ನನಗೆ ಬುದ್ಧಿ ಬಂದಾಗಿನಿಂದ ಆ ಹಣೆಯನ್ನು ವಿಭೂತಿ ಇಲ್ಲದೆ ನಾನು ನೋಡಿಲ್ಲ. “ತಮ್ಮಾ, ಅದು ಇಬತ್ತಿ, ತೆಗೀಬ್ಯಾಡ” ಅಂದೆ. ಹುಡುಗ ಒಳ್ಳೆಯವನು. ತಕ್ಷಣ ಕೈ ತೆಗೆದು, “ಸಾರಿ ರೀ ಅಕ್ಕಾ” ಅಂತ ಹೊಸದಾಗಿ ಮೂರು ಗೆರೆ ಎಳೆದುಕೊಟ್ಟ. ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗಿದ್ದವು. ದೊಡ್ಡವ್ವ ಹಚ್ಚಿಕೊಳ್ಳುತ್ತಿದ್ದದ್ದು ಮೂರು ಬೆರಳಿನಲ್ಲಿ ಒಮ್ಮೆ ಎಳೆದುಬಿಟ್ಟ ಗೆರೆ. ಬಲಗಡೆ ಸ್ವಲ್ಪ ಇಳಿದಿರುತ್ತಿತ್ತು.

ಫ್ಲೆಕ್ಸ್ ಮನೆಗೆ ಬಂದಾಗ ದೊಡ್ಡವ್ವನ ಸೊಸೆ, ನಮ್ಮ ವೈನಿ, ಅಡುಗೆಮನೆಯಿಂದ ಹೊರಗೆ ಬಂದು ನೋಡಿದಳು. “ಅತ್ತಿಗಿ ಹಸರ ಸೇರ್ತಿದ್ದಿಲ್ಲ” ಅಂದಳು. ಇಷ್ಟೇ. ಮತ್ತೆ ಒಳಗೆ ಹೋದಳು.

ಎಷ್ಟೋ ವರ್ಷ ಒಂದೇ ಒಲೆಯ ಮುಂದೆ ಇದ್ದವಳಿಗೆ ಗೊತ್ತಿತ್ತು. ಒಂದು ಫೋನ್ ಮಾಡಿದ್ದರೆ ಹೇಳುತ್ತಿದ್ದಳು. ಅಣ್ಣ ಕೆಟ್ಟವನಲ್ಲ. ತಾಯಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತವನು. ಆದರೆ ತಾಯಿಗೆ ಇಂಥದ್ದು ಸೇರುತ್ತದೆ, ಇಂಥದ್ದು ಸೇರುವುದಿಲ್ಲ ಎಂಬುದು ಅವನ ತಲೆಗೆ ಬಂದೇ ಇಲ್ಲ. “ಯಾವುದರೆ ಹಾಕಪ್ಪಾ” ಎಂಬ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಅದೇ ಮನೆಯ ಗೋಡೆಯ ಮೇಲೆ ದೊಡ್ಡಪ್ಪನ ಫೋಟೊ ಇದೆ. ಕೋಟು, ಕೈಗಡಿಯಾರ, ಸ್ಟೂಲಿನ ಮೇಲೆ ಕೈ, ಹಿಂದೆ ಬಣ್ಣದ ಪರದೆ. ಪಕ್ಕದಲ್ಲಿ ಯಾವಾಗಲೂ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅಂಥ ಕ್ಯಾಲೆಂಡರ್ ಚಿತ್ರಗಳಲ್ಲಿ ಪುರಾಣದ ಹೆಣ್ಣುಗಳಿಗೆ ಮೈಕಾಂತಿ ತುಂಬಿ ಬರೆದ ಎಸ್.ಎಂ. ಪಂಡಿತರು ನಮ್ಮೂರಿನವರೇ, 1916ರಲ್ಲಿ ಇಲ್ಲೇ ಹುಟ್ಟಿದವರು. ಅವರ ಹೆಸರಿನ ರಂಗಮಂದಿರವೂ ಇದೆ. ಅಂಥ ಚಿತ್ರಗಳನ್ನು ನೋಡುತ್ತಲೇ ನಾವೆಲ್ಲ ಬೆಳೆದೆವು. ಅಂದರೆ ಗೋಡೆಯ ಮೇಲೆ ಹೆಣ್ಣುಮುಖಕ್ಕೆ ಜಾಗವಿತ್ತು, ಆ ಮನೆಯ ಹೆಣ್ಣಿಗೆ ಇರಲಿಲ್ಲ. ದೊಡ್ಡವ್ವನನ್ನು ಕೇಳಿದರೆ “ಫೋಟೊ ತೆಗೆಸಿದ್ರ ಆಯುಷ್ಯ ಕಮ್ಮಿ ಆಗ್ತದ” ಅನ್ನುತ್ತಿದ್ದಳು. ದೊಡ್ಡಪ್ಪನ ಆಯುಷ್ಯದ ಬಗ್ಗೆ ಯಾರೂ ಹಾಗೆ ಹೆದರಿದ್ದು ನಾನು ಕೇಳಿಲ್ಲ.

ಹಾಗಂತ ನಮ್ಮ ಕಡೆ ಹೆಂಗಸರ ಫೋಟೊ ತೆಗೆಯುವ ಏರ್ಪಾಡೇ ಇರಲಿಲ್ಲ ಎನ್ನುವಂತಿಲ್ಲ. ನಮ್ಮ ಜಿಲ್ಲೆ ನಿಜಾಮರ ಕೈಯಲ್ಲಿದ್ದ ಕಾಲಕ್ಕೆ, 1892ರಲ್ಲಿ, ಫೋಟೊಗ್ರಾಫರ್ ರಾಜಾ ದೀನ್ ದಯಾಳ್ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೊ ತೆರೆದರು. ಕೆನ್ನಿ-ಲೆವಿಕ್ ಎಂಬ ಬ್ರಿಟಿಷ್ ಹೆಂಗಸು ಅದನ್ನು ನಡೆಸುತ್ತಿದ್ದಳು. ಗೋಷಾದಲ್ಲಿರುವವರು ಪರಪುರುಷರ ಕಣ್ಣಿಗೆ ಬೀಳದೆ ಬಂದು ಫೋಟೊ ತೆಗೆಸಿಕೊಳ್ಳಬಹುದಿತ್ತು. ಆದರೆ ಅದು ದೊಡ್ಡ ಮನೆತನದವರ ಮಾತಾಯಿತು. ಹೊಲದಲ್ಲಿ ತೊಗರಿ ಬಿಡಿಸುವವಳಿಗೆ ಆ ಬಾಗಿಲು ಎಲ್ಲಿ ತೆರೆದಿತ್ತು?

ನಾನು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವಳು. ಅದಕ್ಕೇ ಇರಬೇಕು, ಹಣೆ ಒರೆಸಿದ್ದನ್ನು ನೋಡಿದ ಮೇಲೆ ಚಿತ್ರಕಲಾವಿದೆ ಫ್ರಿಡಾ ಕಾಹ್ಲೊ ನೆನಪಾಗುತ್ತಲೇ ಇದ್ದಾಳೆ. ಅವಳ ಅಪ್ಪ ಗಿಯೆರ್ಮೊ ಮೆಕ್ಸಿಕೊದಲ್ಲಿ ಫೋಟೊಗ್ರಾಫರ್. ಹುಡುಗಿಯಾಗಿದ್ದಾಗ ಅವಳು ಅಪ್ಪನ ಸ್ಟುಡಿಯೊದಲ್ಲಿ ಕೆಲಸಕ್ಕೆ ಕೈ ಹಾಕುತ್ತಿದ್ದಳು. ಫೋಟೊ ತಿದ್ದುವುದು, ಬಣ್ಣ ಹಚ್ಚುವುದು ಎಲ್ಲ ಕಲಿತಿದ್ದಳು. ಕಲೆ, ಗೆರೆ, ಕೂದಲು ಹೇಗೆ ಮಾಯ ಮಾಡಬೇಕೆಂದು ಚೆನ್ನಾಗಿ ಗೊತ್ತಿದ್ದವಳು. ತನ್ನದೇ ಮುಖ ಬರೆಯುವಾಗ ಮಾತ್ರ ಕೂಡಿಕೊಂಡ ಹುಬ್ಬನ್ನು ಹಾಗೇ ಬಿಟ್ಟಳು. ತುಟಿಯ ಮೇಲಿನ ಸಣ್ಣ ಮೀಸೆಯನ್ನೂ ಬಿಟ್ಟಳು. ತಿದ್ದಲು ಬರುವವಳು ತಿದ್ದದೆ ಬಿಟ್ಟದ್ದು ಅದು. ಈ ವಾರ ಆ ಚಿತ್ರಗಳನ್ನು ಮತ್ತೆ ನೋಡಿದೆ. ಮೊದಲು ಇಷ್ಟು ನಾಟಿರಲಿಲ್ಲ.

ನಮ್ಮ ದೇಶದ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅಪ್ಪನೂ ಫೋಟೊದ ಹುಚ್ಚಿನವರೇ. ಉಮ್ರಾವ್ ಸಿಂಗ್ ತಮ್ಮ ಫೋಟೊಗಳನ್ನೂ ತೆಗೆದುಕೊಂಡರು, ಮಗಳದ್ದನ್ನೂ ರಾಶಿ ತೆಗೆದರು. ಮಗಳು ಬ್ರಷ್ ಹಿಡಿದ ಮೇಲೆ ತನ್ನ ಮುಖ ತಾನೇ ಬರೆದುಕೊಂಡಳು. ಒಂದರಲ್ಲಿ ನಗು, ಇನ್ನೊಂದರಲ್ಲಿ ಬಿಗಿದ ಮುಖ. ಅವಳು ಬದುಕಿದ್ದು ಬರೀ 28 ವರ್ಷ. ಅಷ್ಟರಲ್ಲೇ ತಾನು ಹೇಗೆ ಕಾಣಬೇಕೆಂದು ಹತ್ತಾರು ಸಲ ತಾನೇ ತೀರ್ಮಾನಿಸಿದಳು. ನಮ್ಮ ದೊಡ್ಡವ್ವನ ಅಷ್ಟು ದೊಡ್ಡ ಆಯುಷ್ಯದಲ್ಲಿ ಅಂಥ ಒಂದು ಗಳಿಗೆಯೂ ಬರಲಿಲ್ಲ.

ಅಮೃತಾ ಹುಟ್ಟಿದ 1913ರಲ್ಲೇ ಹೋಮಾಯಿ ವ್ಯಾರಾವಾಲಾ ನವಸಾರಿಯಲ್ಲಿ ಹುಟ್ಟಿದ್ದು. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಸೀರೆ ಉಟ್ಟು, ದೊಡ್ಡ ಕ್ಯಾಮೆರಾ ಹೊತ್ತು ನೆಹರೂ ಕಾಲದ ದೆಹಲಿಯನ್ನು ಹಿಡಿದಿಟ್ಟವರು. ಅವರ ಮೊದಮೊದಲ ಫೋಟೊಗಳು ಅಚ್ಚಾದದ್ದು ಗಂಡನ ಹೆಸರಲ್ಲಿ. ಅಂದರೆ ಕ್ಯಾಮೆರಾದ ಹಿಂದೆ ನಿಂತರೂ ಹೆಣ್ಣಿನ ಹೆಸರು ಮರೆಯಾಗುತ್ತಿತ್ತು. ಮುಂದೆ ನಿಂತವಳ ಕಥೆ ಬೇರೆ ಹೇಳಬೇಕೇ?

ಹೆಂಗಸೇ ಕ್ಯಾಮೆರಾ ಹಿಡಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಅಂದುಕೊಂಡಿಲ್ಲ. ಅಮೆರಿಕದ ಫೋಟೊಗ್ರಾಫರ್ ಡೊರೊಥಿಯಾ ಲಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಹತ್ತಿರ ಒಬ್ಬ ಕೂಲಿ ತಾಯಿಯ ಫೋಟೊ ತೆಗೆದಳು. ಎರಡು ಭುಜಕ್ಕೂ ಮುಖ ಮರೆಸಿಕೊಂಡ ಮಕ್ಕಳು, ಗಲ್ಲಕ್ಕೆ ಕೈ ಕೊಟ್ಟ ತಾಯಿ. ಜಗತ್ತೇ ನೋಡಿದ ಚಿತ್ರ ಅದು. ಆ ತಾಯಿಯ ಹೆಸರು ಕೇಳಲಿಲ್ಲ ಎಂದು ಲಾಂಗ್ ಮುಂದೆ ತಾನೇ ಬರೆದಳು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಹೊರಗೆ ಬಂದದ್ದು 1978ರಲ್ಲಿ. ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡಿದ್ದು. ಚಿತ್ರದ ಬಲಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳು ಇತ್ತು. ಅಂದಗೆಡಿಸುತ್ತದೆ ಅಂತ ಕೆಲವು ವರ್ಷದ ಮೇಲೆ ಲಾಂಗ್ ಅದನ್ನು ನೆಗೆಟಿವ್‌ನಲ್ಲೇ ಅಳಿಸಿಸಿದಳು. ಅಷ್ಟು ಕರುಣೆ ಇದ್ದ ಕಲಾವಿದೆ! ನಮ್ಮ ಸ್ಟುಡಿಯೊ ಹುಡುಗನಾದರೂ ಹೇಳಿದ ತಕ್ಷಣ ವಿಭೂತಿ ತಿರುಗಿ ಹಚ್ಚಿದ. ಆ ತಾಯಿಗೆ ಹೇಳುವ ಅವಕಾಶವೇ ಇರಲಿಲ್ಲ.

ದೊಡ್ಡವ್ವನ ಕೈಯೂ ಆ ಫೋಟೊದಲ್ಲಿಲ್ಲ. ಮೊಣಕೈವರೆಗೆ ಹಸಿರು ಹಚ್ಚೆ ಇತ್ತು, ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಚುಚ್ಚಿಸಿಕೊಂಡದ್ದು. ರೊಟ್ಟಿ ಬಡಿಯುವಾಗ ಆ ಹಚ್ಚೆಯ ಮೇಲೆ ಜೋಳದ ಹಿಟ್ಟು ಕೂತು ಅರ್ಧ ಮುಚ್ಚಿಹೋಗಿರುತ್ತಿತ್ತು. ಈಗ ಗೋಡೆಯ ಮೇಲಿರುವ ಮೈ ಯಾರದೋ.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಈ ‘ಯಾರದೋ ಮೈ’ ಎಂಬುದನ್ನೇ ಉಲ್ಟಾ ಮಾಡಿ ತೋರಿಸಿದವರು. 2000ದಿಂದ 2004ರವರೆಗೆ ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ, ದಕ್ಷಿಣ ಭಾರತದ ಹೆಂಗಸರೆಂದು ಚಿತ್ರಗಳಲ್ಲಿ, ಫೋಟೊಗಳಲ್ಲಿ ಬಂದವರ ವೇಷವನ್ನೆಲ್ಲ ತಾವೇ ಹಾಕಿ ನಿಂತರು. ರವಿವರ್ಮನ ಲಕ್ಷ್ಮಿ ಆದರು, ನಮ್ಮ ಪಕ್ಕದ ಬಿಜಾಪುರದ ಸುಲ್ತಾನರ ಕಾಲದ ಯೋಗಿನಿಯೂ ಆದರು. ಪರದೆ, ಒಡವೆ, ನಿಲುವು ಎಲ್ಲ ಹಳೆಯದೇ. ಒಳಗಿನ ಹೆಣ್ಣು ಮಾತ್ರ ತನ್ನ ಇಷ್ಟದಿಂದ ಬಂದು ನಿಂತವಳು. ನೋಡಿದ ಕೂಡಲೇ ಆ ವ್ಯತ್ಯಾಸ ಗೊತ್ತಾಗುತ್ತದೆ.

ಮೊನ್ನೆ ನೆಂಟರೆಲ್ಲ ಹೋದ ಮೇಲೆ ವೈನಿಯನ್ನು ಕೇಳಿದೆ, ನಿಮ್ಮೊಬ್ಬರದೇ ಒಂದು ಫೋಟೊ ತೆಗೆಯಲಾ ಅಂತ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. “ತೆಗಿರಿ. ಆದ್ರ ಇಲ್ಲಿ ಬ್ಯಾಡ, ಮಿಷಿನ್ ಹತ್ರ” ಅಂದಳು. ಅವಳು ಜಂಪರ್ ಹೊಲಿದು ಮಗಳ ಕಾಲೇಜಿನ ಫೀಸು ಕಟ್ಟುತ್ತಾಳೆ. ಮಿಷಿನ್ ಮೇಲಿನ ಚಿಂದಿ ಬಟ್ಟೆ ತೆಗೆಯಬೇಡ ಎಂದು ಮಗಳಿಗೂ ಹೇಳಿದಳು. ಕೊರಳಲ್ಲಿ ಟೇಪು ಇತ್ತು, ಅದನ್ನೂ ಬಿಚ್ಚಲಿಲ್ಲ. ತೆಗೆದದ್ದನ್ನೆಲ್ಲ ಫೋನಿನಲ್ಲಿ ಒಂದೊಂದಾಗಿ ನೋಡಿದಳು. ನಗುವ ಫೋಟೊಗಳನ್ನೆಲ್ಲ ಡಿಲೀಟ್ ಮಾಡಿಸಿದಳು. ಕೊನೆಗೆ ಒಂದು ಉಳಿಯಿತು. ಹುಬ್ಬು ಗಂಟಿಕ್ಕಿ ನೇರವಾಗಿ ನೋಡುತ್ತಿದ್ದಾಳೆ.

“ಸಿಟ್ಟಿನಾಕಿ ಹಂಗ ಕಾಣ್ತೀರಿ ವೈನಿ” ಅಂದೆ.

“ಹೌದು, ಅದೀನಿ. ಇದೇ ಇರ್ಲಿ” ಅಂದಳು.