ಕನೆಕ್ಷನ್ ಟಿಕೆಟ್‌ನಲ್ಲಿ ಒಂದು ಫ್ಲೈಟ್ ಬಿಟ್ಟರೆ ಏನಾಗುತ್ತದೆ?

ದೆಹಲಿಯಿಂದ ಬೆಂಗಳೂರಿಗೆ ನೇರ ಟಿಕೆಟ್‌ಗಿಂತ ದೆಹಲಿ–ಬೆಂಗಳೂರು–ಕಣ್ಣೂರು ಟಿಕೆಟ್ ಕೆಲವೊಮ್ಮೆ ಅಗ್ಗಕ್ಕೆ ಸಿಗುತ್ತದೆ. ವಿಮಾನ ಕಂಪನಿಗಳು ದರ ಇಡುವುದು ಬರೀ ದೂರ ಅಳೆದಲ್ಲ. ಆ ಎರಡು ಊರುಗಳ ನಡುವಿನ ಬೇಡಿಕೆ, ಪೈಪೋಟಿ ನೋಡಿ. ಹಾಗಾಗಿ ಕಣ್ಣೂರಿಗೆ ಟಿಕೆಟ್ ತೆಗೆದು, ಬೆಂಗಳೂರಲ್ಲೇ ಇಳಿದು, ಕುಶಾಲನಗರದ ಬಸ್ ಹತ್ತೋಣ ಎಂಬ ಲೆಕ್ಕ ಹುಟ್ಟುತ್ತದೆ.

ಆದರೆ ಕೊನೆಯ ಫ್ಲೈಟ್ ಬಿಡುವುದೂ ಮೊದಲ ಫ್ಲೈಟ್ ಬಿಡುವುದೂ ಒಂದೇ ಅಲ್ಲ. ಕಣ್ಣೂರಿನಿಂದ ವಿಮಾನ ಹತ್ತುವ ಕೊಡಗಿನವರು ಹೆಚ್ಚು ಹುಷಾರಾಗಿರಬೇಕಾದ್ದು ಮೊದಲನೆಯದನ್ನು ಬಿಡುವಾಗ.

ಟಿಕೆಟ್ ಕಣ್ಣೂರು–ಬೆಂಗಳೂರು–ದೆಹಲಿ. ಮಳೆಗೆ ಕೊಡಗಿನಿಂದ ಕಣ್ಣೂರಿಗೆ ಹೋಗುವ ಮಾಕುಟ್ಟ ರಸ್ತೆಯಲ್ಲಿ ಗುಡ್ಡ ಜರಿದು ದಾರಿ ಬಂದ್, 2018ರಲ್ಲಿ ಆದ ಹಾಗೆ. ಗೋಣಿಕೊಪ್ಪದಿಂದ ಕಾರಲ್ಲೇ ಬೆಂಗಳೂರಿಗೆ ಹೋಗಿ ಎರಡನೇ ಫ್ಲೈಟ್ ಹತ್ತಿದರಾಯಿತು ಅನಿಸುತ್ತದೆ. ಆಗುವುದಿಲ್ಲ. ಕಣ್ಣೂರಲ್ಲಿ ಹತ್ತದಿದ್ದರೆ ‘ನೋ-ಶೋ’ ಎಂದು ದಾಖಲಾಗಿ ಅದೇ ಪಿಎನ್‌ಆರ್‌ನ (ಬುಕಿಂಗ್ ಸಂಖ್ಯೆಯ) ಉಳಿದ ಫ್ಲೈಟ್‌ಗಳೆಲ್ಲ ಸಾಮಾನ್ಯವಾಗಿ ರದ್ದಾಗುತ್ತವೆ, ವಾಪಸ್ ಬರುವುದೂ ಸೇರಿ. ಬೆಂಗಳೂರಿನ ಕೌಂಟರ್‌ನಲ್ಲಿ ಜಗಳಾಡಿ ಪ್ರಯೋಜನವಿಲ್ಲ. ಮೊದಲ ಫ್ಲೈಟ್ ಹೊರಡುವ ಮುಂಚೆಯೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಬೆಂಗಳೂರಿನಿಂದ ಹೊರಡುವಂತೆ ಟಿಕೆಟ್ ಬದಲಿಸಿಕೊಡಿ ಅನ್ನಬೇಕು. ದರದ ವ್ಯತ್ಯಾಸ ಕೇಳಬಹುದು. ಹೊಸ ಟಿಕೆಟ್‌ಗೆ ಎಷ್ಟಾಗುತ್ತದೆ ಅಂತಲೂ ನೋಡಿಕೊಳ್ಳಿ. ಬದಲಾದ ಇ-ಟಿಕೆಟ್ ಮೇಲ್‌ಗೆ ಬರುವ ತನಕ ಬರೀ ಫೋನ್ ಮಾತು ನಂಬಿ ಕಾರು ಹತ್ತಬೇಡಿ.

ಇನ್ನು ಕೊನೆಯ ಫ್ಲೈಟ್ ಬಿಡುವವರ ತಲೆನೋವು ಲಗೇಜು. ಚೆಕ್-ಇನ್ ಮಾಡಿದ ಬ್ಯಾಗಿನ ಟ್ಯಾಗ್ ಮೇಲೆ ಸಿಎನ್‌ಎನ್ (ಕಣ್ಣೂರು ನಿಲ್ದಾಣದ ಸಂಕೇತ) ಅಂತಿದ್ದರೆ ಅದು ಕಣ್ಣೂರಿಗೇ ಹೋಗುತ್ತದೆ. ಕೈಚೀಲ ಮಾತ್ರ ಒಯ್ದರೂ ಪೂರ್ತಿ ನಿಶ್ಚಿಂತೆಯಿಲ್ಲ: ಮೇಲಿನ ಕಪಾಟು ತುಂಬಿದ್ದರೆ ಗೇಟಲ್ಲೇ ಬ್ಯಾಗು ಕೇಳಿ ಕೆಳಗೆ ಹಾಕುತ್ತಾರೆ, ಆಗಲೂ ಟ್ಯಾಗ್ ಕೊನೆಯ ಊರಿನದ್ದಾಗಬಹುದು. ವಿದೇಶ ಪ್ರಯಾಣವಾದರೆ ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ ಕಾಚಂಪುಳಿ (ಕೊಡಗಿನ ಹುಳಿರಸ) ಬಾಟಲಿಯೂ ಇಡುವಂತಿಲ್ಲ. ಇಳಿಯುವುದು ನಡುವಿನ ದೇಶದಲ್ಲೇ ಆದರೂ ಚೆಕ್-ಇನ್‌ನಲ್ಲಿ ಕೊನೆಯ ದೇಶದ ವೀಸಾ ಕೇಳುತ್ತಾರೆ.

ದೆಹಲಿ–ಬೆಂಗಳೂರು ಫ್ಲೈಟ್ ರದ್ದಾದರೆ ಕಂಪನಿ ನಿಮ್ಮನ್ನು ಹೈದರಾಬಾದ್ ಮೂಲಕ ಕಣ್ಣೂರಿಗೆ ಕಳಿಸಬಹುದು. ಮುಟ್ಟಿಸುತ್ತೇವೆ ಅಂದದ್ದು ಕಣ್ಣೂರಿಗೆ, ಬೆಂಗಳೂರಿಗಲ್ಲ. (ವಿರಾಜಪೇಟೆಯವರಿಗೆ ಅದು ಲಾಭವೇ, ಬಿಡಿ.)

ಪೊಲೀಸ್ ಕೇಸಿನ ಭಯ ಬೇಡ. ಬೇಕೆಂದೇ ಕೊನೆಯ ಫ್ಲೈಟ್ ಬಿಡುವುದು ಟಿಕೆಟ್ ಷರತ್ತಿನ ಉಲ್ಲಂಘನೆ, ಅಷ್ಟೇ. ಆದರೆ ಪದೇ ಪದೇ ಮಾಡಿದರೆ ಮೈಲ್ಸ್ (ಕಂಪನಿ ಕೊಡುವ ರಿವಾರ್ಡ್ ಪಾಯಿಂಟ್) ಕಿತ್ತುಕೊಳ್ಳುವುದು, ಸದಸ್ಯತ್ವ ರದ್ದು ಮಾಡುವುದು ಉಂಟು. ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾ ಹೀಗೆ ಮಾಡಿದ ಒಬ್ಬ ಪ್ರಯಾಣಿಕನ ಮೇಲೆ ಬರ್ಲಿನ್‌ನಲ್ಲಿ ದಾವೆ ಹೂಡಿತ್ತು. 2018ರ ಡಿಸೆಂಬರ್‌ನಲ್ಲಿ ಅದು ವಜಾ ಆಯಿತು. ಇಂಥ ಟಿಕೆಟ್ ಹುಡುಕಿಕೊಡುವ ಸ್ಕಿಪ್‌ಲ್ಯಾಗ್ಡ್ ಜಾಲತಾಣ ಮಾತ್ರ 2024ರಲ್ಲಿ ಅಮೆರಿಕನ್ ಏರ್‌ಲೈನ್ಸ್ ವಿರುದ್ಧ ಸೋತಿತು.

ಹೋಗುವುದು, ಬರುವುದು ಬೇರೆ ಬೇರೆ ಪಿಎನ್‌ಆರ್‌ನಲ್ಲಿದ್ದರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಹತ್ತದೇ ಹೋದ ಟಿಕೆಟ್‌ನ ತೆರಿಗೆ, ಯೂಸರ್ ಡೆವಲಪ್‌ಮೆಂಟ್ ಫೀಯನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಂತೆ ಕಂಪನಿ ವಾಪಸ್ ಕೊಡಬೇಕು, ನಾನ್-ರಿಫಂಡಬಲ್ ಟಿಕೆಟ್ ಆದರೂ. ಅರ್ಜಿ ಹಾಕಿ ಕೇಳಿ.