ಕಂಪಾಸ್ ಬಾಕ್ಸಿನ ವಾಲ್ ಟ್ಯೂಬು

2009ರಲ್ಲಿ ನಾನು ಎಂಟನೇ ಕ್ಲಾಸು. ಆ ವರ್ಷ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ರಾಯಚೂರು ಜಿಲ್ಲೆಯ ಎಷ್ಟೋ ಊರುಗಳಲ್ಲಿ ಮಣ್ಣಿನ ಮನೆ ಕೆಡವಿತು. ನಮ್ಮದೂ ಬಿತ್ತು. ದೀಪಾವಳಿ ಮುಗಿದದ್ದೇ ತಡ, ಅಪ್ಪ ಅವ್ವ ನನ್ನನ್ನೂ ಕರೆದುಕೊಂಡು ಬೆಂಗಳೂರಿಗೆ ಗುಳೆ ಹೋದರು. ಕಟ್ಟಡದ ಕೆಲಸ. ನಾನೂ ಇಟ್ಟಿಗೆ ಹೊತ್ತೆ. ಸಂಕ್ರಾಂತಿ ಹೊತ್ತಿಗೆ ಅವ್ವ ಹಟ ಮಾಡಿ ನನ್ನನ್ನು ಊರಿಗೆ, ಅಜ್ಜಿ ಹತ್ತಿರ ಕಳಿಸಿದಳು.

ಕ್ಲಾಸಿನಲ್ಲಿ ನನಗೊಂದು ಹೊಸ ಹೆಸರು ಇಟ್ಟಾಗಿತ್ತು: ಗುಳೆ. ಹಾಜರಿ ಕೂಗಿದರೆ ಹಿಂದಿನಿಂದ "ಬುಟ್ಟಿ ಎಲ್ಲೈತಲೇ ಗುಳೆ?" ಅನ್ನೋರು. ಬಿಸಿಯೂಟದ ಸಾಲಿನಲ್ಲಿ ತಟ್ಟೆ ಕಿತ್ತುಕೊಳ್ಳೋರು. ಹಾಗೆ ಅನ್ನುತ್ತಿದ್ದವರ ಮನೆಯವರೂ ಒಂದಲ್ಲ ಒಂದು ವರ್ಷ ಗುಳೆ ಹೋದವರೇ. ಅದು ನನಗೆ ಆಗ ಹೊಳೆಯಲಿಲ್ಲ. ಒಬ್ಬ ಮೇಷ್ಟ್ರಿಗೆ ಹೇಳಿದೆ. "ಹುಡುಗ್ರು ಅಂದ್ಮ್ಯಾಲ ಇದೆಲ್ಲ ಇದ್ದದ್ದ" ಅಂತ ನಕ್ಕರು.

ನನ್ನ ಪಕ್ಕ ಕೂತವನು ಒಬ್ಬನೇ. ನಾನಿಲ್ಲದಾಗ ಸರ್ಕಾರದ ಸೈಕಲ್ ಹಂಚಿ ಮುಗಿದಿತ್ತು. ಹಾಗಾಗಿ ಅವನ ಕ್ಯಾರಿಯರ್ ಮೇಲೆ ಕೂತು ದಿನಾ ಐದು ಕಿಲೋಮೀಟರ್ ಬರುತ್ತಿದ್ದೆ. ನನ್ನ ಜೊತೆ ಸೇರಿದ ತಪ್ಪಿಗೆ ಅವನಿಗೂ ಕಾಟ ಶುರುವಾಯಿತು. ಸಂಜೆ ಬಂದು ನೋಡಿದರೆ ಹಿಂದಿನ ಚಕ್ರ ಚಪ್ಪಟೆ, ಗಾಳಿ ಹೊರಹೋಗದಂತೆ ತಡೆಯೋ ರಬ್ಬರಿನ ವಾಲ್ ಟ್ಯೂಬು ಮಾಯ. ಅವನು ತುಟಿ ಪಿಟಕ್ ಅನ್ನುತ್ತಿರಲಿಲ್ಲ. ಅವನ ಕಂಪಾಸ್ ಬಾಕ್ಸಿನಲ್ಲಿ ಕೈವಾರದ ಪಕ್ಕ ವಾಲ್ ಟ್ಯೂಬಿನ ತುಂಡುಗಳು ಇದ್ದೇ ಇರುತ್ತಿದ್ದವು. ಒಂದನ್ನು ತೆಗೆದು, ಎಂಜಲು ಹಚ್ಚಿ, ತಿರುವುತ್ತಾ ತಿರುವುತ್ತಾ ವಾಲಿನ ಕಡ್ಡಿಗೆ ಏರಿಸುತ್ತಿದ್ದ. ಆಮೇಲೆ ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿವರೆಗೆ ತಳ್ಳಿಕೊಂಡು ಹೋಗೋದು. ಗಾಳಿ ಹೊಡೆಯೋ ಪಾಳಿ ನನ್ನದು.

ಇಷ್ಟು ವರ್ಷ ಯಾರಿಗೂ ಹೇಳದ್ದು ಒಂದಿದೆ. ಒಂದಿನ ಆ ಹುಡುಗರು ನನ್ನನ್ನು ಕರೆದು, "ಇವತ್ತು ನೀನೇ ಕೀಳು. ನಾಳಿಂದ ಗುಳೆ ಅನ್ನಂಗಿಲ್ಲ" ಅಂದರು. ಕಿತ್ತೆ. ಸಂಜೆ ಆ ರಬ್ಬರ್ ತುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವನ ಪಕ್ಕ ನಿಂತಿದ್ದೆ. ಅವನು ಬಾಕ್ಸ್ ತೆಗೆದ. ಅವತ್ತೇ ಖಾಲಿ ಆಗಿರಬೇಕೇ! ನನ್ನ ಮುಷ್ಟಿ ನೋಡಿದ, ಕೈ ಚಾಚಿದ. ಕೊಟ್ಟೆ. ಎಂಜಲು ಹಚ್ಚಿ ಏರಿಸಿದ.

"ನಡಿ, ಗಾಳಿ ಹೊಡಿ" ಅಂದ. ಅಷ್ಟೇ.

ಮರುದಿನವೂ ನಾನು ಗುಳೆಯೇ.

ಅವನೀಗ ಸಿಂಧನೂರಿನಲ್ಲಿ ಭತ್ತದ ಲಾರಿ ಓಡಿಸುತ್ತಾನೆ. ಆ ದಿನಗಳ ಬಗ್ಗೆ ಬರೆಯುತ್ತಿದ್ದೇನೆ ಅಂತ ಮೊನ್ನೆ ಫೋನ್ ಮಾಡಿದೆ. "ಸೈಕಲ್ ವಿಷ್ಯ ಬರ್ದೀಯೇನು?" ಅಂತ ಕೇಳಿದ. ಹ್ಞೂಂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಆಗ ಒಂದ್ರುಪಾಯಿಗೆ ವಾಲ್ ಟ್ಯೂಬ್ ಎಷ್ಟುದ್ದ ಕೊಡ್ತಿದ್ರಲೇ?"

ನನಗೂ ನೆನಪಾಗಲಿಲ್ಲ.