ಮೊದಲ ಕರೆ ಯಾರಿಗೆ?

ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಟಾರ್ನೀಟ್‌ನಲ್ಲಿ ನಮ್ಮ ಮನೆ. ನಮ್ಮ ಬೀದಿಯಲ್ಲಿ ಪಂಜಾಬಿಗಳು ಜಾಸ್ತಿ, ಕನ್ನಡದವರ ಮನೆ ಮೂರು. ಬಲಗಡೆಯ ಮನೆ ದಕ್ಷಿಣ ಸುಡಾನಿನವರದು. ಆ ಮನೆಯಾಕೆ ಬೋರ್ ಊರಿನ ಕಡೆಯವಳು, ಡಿಂಕಾ ಜನಾಂಗದವಳು. ಐದು ಮಕ್ಕಳು. ವೃದ್ಧರ ಮನೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ.

ನಮ್ಮ ಸ್ನೇಹ ಶುರುವಾಗಿದ್ದು ಜೋಳದಿಂದ. ಒಂದು ಭಾನುವಾರ ಬೇಲಿಯಾಚೆಯಿಂದ ಹುಳಿ ಹಿಟ್ಟಿನ ವಾಸನೆ ಬಂತು. ಇಣುಕಿದರೆ ಆಕೆ ಹಿತ್ತಿಲಲ್ಲಿ ಒಲೆ ಹಚ್ಚಿ ಕಿಸ್ರಾ ಹುಯ್ಯುತ್ತಿದ್ದಳು. ಹುದುಗಿಸಿದ ಜೋಳದ ಹಿಟ್ಟನ್ನು ಕಾವಲಿ ಮೇಲೆ ಸುರಿದು, ಹಳೇ ಪ್ಲಾಸ್ಟಿಕ್ ಕಾರ್ಡಿನ ತುಂಡಿನಿಂದ ಸರ್ರನೆ ಎಳೆಯುತ್ತಾರೆ. ಕಾಗದದಷ್ಟು ತೆಳ್ಳಗೆ ಏಳುತ್ತದೆ. ನಾನು ಮಂಡ್ಯ ಕಡೆಯವಳು, ರಾಗಿ ಉಂಡು ಬೆಳೆದವಳು. ಆದರೂ ಆ ವಾಸನೆಗೆ ಮನೆ ನೆನಪಾಯಿತು.

2024ರಲ್ಲಿ ಆಕೆ ಒಂದು ಸಹಾಯ ಕೇಳಿದಳು. ಅವರ ಸಮುದಾಯದ ಮುಖಂಡರಿಗೆ ಶನಿವಾರ ಶನಿವಾರ ತರಬೇತಿ ಇತ್ತು. ಇಲ್ಲೇ ಕೂತು ತಮ್ಮ ದೇಶದಲ್ಲಿ ಶಾಂತಿ ನೆಲೆಸಲು ಏನು ಮಾಡಬಹುದು ಅನ್ನುವುದು ವಿಷಯ. ಟಿಪ್ಪಣಿ ಬರೆದುಕೊಡಲು ಒಬ್ಬರು ಬೇಕಿತ್ತು. "ನಿಮ್ಮ ಜಗಳ ನನಗೇನು ಗೊತ್ತು?" ಅಂದೆ. "ಅದಕ್ಕೇ ಕರೀತಿರೋದು. ನೀನು ಯಾರ ಕಡೆಯವಳೂ ಅಲ್ಲ" ಅಂದಳು.

ಊರಲ್ಲಿರುವ ನಿಮಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ದಕ್ಷಿಣ ಸುಡಾನ್ ಹುಟ್ಟಿದ್ದು 2011ರ ಜುಲೈ 9ರಂದು. ಅದಕ್ಕೂ ಮೊದಲು ನಡೆದ ಜನಮತದಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಜನ ಬೇರೆ ದೇಶ ಬೇಕು ಅಂದರು. ಆಸ್ಟ್ರೇಲಿಯಾದಲ್ಲಿದ್ದವರೂ ಇಲ್ಲಿಂದಲೇ ಮತ ಹಾಕಿದ್ದರು. ಎರಡೂವರೆ ವರ್ಷ ಆಗುವಷ್ಟರಲ್ಲಿ, 2013ರ ಡಿಸೆಂಬರ್‌ನಲ್ಲಿ, ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಉಪಾಧ್ಯಕ್ಷರಾಗಿದ್ದ ರಿಯೆಕ್ ಮಚಾರ್ ನಡುವಿನ ಅಧಿಕಾರದ ಜಗಳ ಯುದ್ಧವಾಯಿತು. ಕೀರ್ ಡಿಂಕಾ ಜನಾಂಗದವರು, ಮಚಾರ್ ನುಯೇರ್ ಜನಾಂಗದವರು. ನಾಯಕರ ಜಗಳ ಮನೆಮನೆಗೂ ಇಳಿಯಿತು. ಅದೇ ತಿಂಗಳು ಅಕೋಬೊದಲ್ಲಿ ವಿಶ್ವಸಂಸ್ಥೆಯ ಶಿಬಿರಕ್ಕೆ ಓಡಿಬಂದ ಜನರನ್ನು ಕಾಯುತ್ತಾ ನಮ್ಮ ಭಾರತದ ಇಬ್ಬರು ಯೋಧರು ಪ್ರಾಣ ಕೊಟ್ಟರು. 2018ರ ಏಪ್ರಿಲ್‌ವರೆಗೆ ಈ ಯುದ್ಧದಿಂದ ಸುಮಾರು 3.8 ಲಕ್ಷ ಜನ ಸತ್ತಿರಬಹುದು ಅಂತ ಲಂಡನ್ನಿನ ಸಂಶೋಧಕರ ಅಂದಾಜು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶಾಂತಿ ಒಪ್ಪಂದವೂ ಆಯಿತು.

ಇಷ್ಟೆಲ್ಲ ಆಗಿದ್ದು ಅಲ್ಲಿ. ಆದರೆ ಬಿಸಿ ಇಲ್ಲಿಗೂ ತಾಕಿತು. ಒಂದೇ ಚರ್ಚಿಗೆ ಹೋಗುತ್ತಿದ್ದವರು ಬೇರೆ ಬೇರೆ ಆದರು. ಮದುವೆ, ಸಾವಿಗೂ ಕರೆಯದ ಹಾಗಾಯಿತು.

ಮೊದಲ ಶನಿವಾರ ಹಾಲ್‌ಗೆ ಹೋದಾಗ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಆದರೂ ಡಿಂಕಾ ಜನ ಒಂದು ಕಡೆ, ನುಯೇರ್ ಜನ ಇನ್ನೊಂದು ಕಡೆ. ಮಧ್ಯೆ ನಾಲ್ಕು ಕುರ್ಚಿ ಖಾಲಿ. ಆ ದೇಶದ ದಕ್ಷಿಣ ಭಾಗವಾದ ಈಕ್ವಟೋರಿಯಾ ಕಡೆಯವರು ಬಾಗಿಲ ಹತ್ತಿರ. ನುಯೇರ್ ಭಾಷೆಯಲ್ಲಿ ಎದುರಾದವರಿಗೆ "ಮಾಲೆ" ಅನ್ನುತ್ತಾರೆ. ಶಾಂತಿ ಅಂತ ಅರ್ಥ. ನನ್ನ ಕಿವಿಗೆ ನಮ್ಮ ಹೂವಿನ ಮಾಲೆಯೇ ಕೇಳಿಸಿತು. ಆ ದಿನ ಆ ಮಾತು ಖಾಲಿ ಕುರ್ಚಿಗಳನ್ನು ದಾಟಲಿಲ್ಲ.

ನಾನು ಭಾಷಣ, ಸ್ಲೈಡು ಇರುತ್ತದೆ ಅಂದುಕೊಂಡಿದ್ದೆ. ಸ್ವಲ್ಪ ಇತ್ತು ಕೂಡ. ಆದರೆ ಜಾಸ್ತಿ ಹೊತ್ತು ಹೋಗಿದ್ದು ಫೋನಿನ ಮೇಲೆ. ಹೊರದೇಶದಲ್ಲಿ ಇರುವವರ ಕೈಯಲ್ಲಿ ಇರುವುದು ಎರಡೇ, ಹಣ ಮತ್ತು ಮಾತು. ಊರಿನ ಎಷ್ಟೋ ಮನೆಗಳಿಗೆ ಇವರ ಹಣವೇ ಆಸರೆ. ಹಾಗಾಗಿ ಇವರ ಮಾತಿಗೆ ತೂಕ ಜಾಸ್ತಿ. ಇಲ್ಲಿ ಕೂತವನು "ಬಿಡಬೇಡಿ ಅವರನ್ನ" ಅಂತ ಸಿಟ್ಟಿನಲ್ಲಿ ಒಂದು ಧ್ವನಿ ಸಂದೇಶ ಕಳಿಸುತ್ತಾನೆ. ಆಮೇಲೆ ಕೆಲಸಕ್ಕೆ ಹೋಗುತ್ತಾನೆ, ರಾತ್ರಿ ನೆಮ್ಮದಿಯಾಗಿ ಮಲಗುತ್ತಾನೆ. ಅದನ್ನು ಕೇಳಿಸಿಕೊಂಡವರು ಅಲ್ಲಿ ಅದರ ಬೆಲೆ ತೆರುತ್ತಾರೆ. ಎಲ್ಲ ಕಡೆಯವರೂ ಸೋಷಿಯಲ್ ಮೀಡಿಯಾದಲ್ಲಿ ಸುಳ್ಳು, ದ್ವೇಷ ಹಬ್ಬಿಸುತ್ತಿದ್ದಾರೆ ಅಂತ ವಿಶ್ವಸಂಸ್ಥೆಯ ತಜ್ಞರು 2016ರಲ್ಲೇ ಎಚ್ಚರಿಸಿದ್ದರು.

ಒಂದು ಶನಿವಾರ ಪೂರ್ತಿ ಬೈಗುಳದ ಪದಗಳ ಮೇಲೆ ಕೂತರು. ಒಂದು ಪದ ನನ್ನ ಮನಸ್ಸಲ್ಲಿ ಉಳಿದಿದೆ. ಅಲ್ಲಿ ಒಂದು ಮೊಬೈಲ್ ಕಂಪನಿ ಇದೆ. ನೀವು ಎಲ್ಲಿ ಹೋದರೂ ನಾವಿದ್ದೇವೆ ಅನ್ನುವುದು ಅದರ ಜಾಹೀರಾತು. ಡಿಂಕಾ ಜನ ಎಲ್ಲೆಲ್ಲೂ ತುಂಬಿಕೊಂಡಿದ್ದಾರೆ ಅಂತ ಹಂಗಿಸಲು ಆ ಕಂಪನಿಯ ಹೆಸರನ್ನೇ ಅವರಿಗೆ ಇಟ್ಟುಬಿಟ್ಟರು. ಹೊರಗಿನವರಿಗೆ ಅದು ಸುಮ್ನೆ ಮೂರು ಇಂಗ್ಲಿಷ್ ಅಕ್ಷರ. ಹಾಲ್‌ನಲ್ಲಿ ಆ ಪದ ಹೇಳಿದ ತಕ್ಷಣ ನನ್ನ ಪಕ್ಕದ ಮನೆಯಾಕೆ ಸೆರಗಿನಂಥ ತನ್ನ ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಎದುರಿಗಿದ್ದ ನುಯೇರ್ ಯುವಕ ನಿಧಾನವಾಗಿ ಹೇಳಿದ, "ನಾನೂ ಬಳಸಿದ್ದೇನೆ."

ನಾನು ಪೆನ್ನು ಕೆಳಗಿಟ್ಟೆ. ನನಗೆ 2016ರ ಸೆಪ್ಟೆಂಬರ್ ನೆನಪಾಯಿತು. ಕಾವೇರಿ ಗಲಾಟೆ ಕಾಲ. ಆ ಕಡೆ ನಮ್ಮವರನ್ನು, ಈ ಕಡೆ ಅವರನ್ನು ಹೊಡೆಯುವ ವಿಡಿಯೋಗಳು ಹರಿದಾಡುತ್ತಿದ್ದವು. ನಾನೂ ಒಂದನ್ನು ಇಲ್ಲಿಂದಲೇ ನಮ್ಮ ಮನೆಯವರ ಗುಂಪಿಗೆ ಹಾಕಿದ್ದೆ. ಕೆಳಗೆ ಎರಡು ಖಾರದ ಸಾಲು ಬೇರೆ. 12ನೇ ತಾರೀಕು ಬೆಂಗಳೂರಿನಲ್ಲಿ ಹತ್ತಾರು ಬಸ್ಸು ಸುಟ್ಟರು, ಜೀವವೂ ಹೋಯಿತು. ನನ್ನ ಸಂದೇಶದಿಂದಲೇ ಆಯಿತು ಅಂತಲ್ಲ. ಆದರೆ ಆ ಉರಿಗೆ ನಾನೂ ಒಂದು ಕಡ್ಡಿ ಹಾಕಿದ್ದೆ. ನಮ್ಮ ಮನೆಗೆ ತರಕಾರಿ ತರುತ್ತಿದ್ದಾತ ತಮಿಳಿನವನು. ಆ ವಾರ ಆತ ಬೀದಿಗೆ ಬರಲಿಲ್ಲ ಅಂತ ಅಮ್ಮ ಆಮೇಲೆ ಹೇಳಿದಳು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಆ ಹಾಲ್‌ನಲ್ಲಿ ಹೇಳಿದೆ.

ತರಬೇತಿಯಲ್ಲಿ ನನಗೆ ಬಹಳ ಹಿಡಿಸಿದ್ದು ವುನ್ಲಿಟ್ ಸಭೆಯ ಕಥೆ. 1999ರ ಫೆಬ್ರವರಿ ಕೊನೆಗೆ ವುನ್ಲಿಟ್ ಅನ್ನುವ ಹಳ್ಳಿಯಲ್ಲಿ ಡಿಂಕಾ ಮತ್ತು ನುಯೇರ್ ಮುಖ್ಯಸ್ಥರನ್ನು ಚರ್ಚುಗಳ ಒಕ್ಕೂಟ ಕೂಡಿಸಿತ್ತು. ಅದಕ್ಕೂ ಮುಂಚೆ ಎರಡೂ ಕಡೆಯ ಹಿರಿಯರು ಒಬ್ಬರ ನೆಲಕ್ಕೆ ಒಬ್ಬರು ಹೋಗಿಬಂದರು. ಜೀವ ಕೈಯಲ್ಲಿ ಹಿಡಿದು ಹೋಗಿದ್ದು ಅದು. ಸಭೆಯಲ್ಲಿ ಒಂದು ಕಡೆಯವರು ತಮ್ಮ ನೋವನ್ನೆಲ್ಲ ಹೇಳಿ ಮುಗಿಸಿದರು, ಇನ್ನೊಂದು ಕಡೆಯವರು ಕೇಳಿದರು. ಆಮೇಲೆ ಸರದಿ ಬದಲು. ಹೊಡೆದುಕೊಂಡು ಹೋದ ದನ, ಎಳೆದುಕೊಂಡು ಹೋದ ಹೆಂಗಸರು, ಮಕ್ಕಳು, ಎಲ್ಲ ಬಾಯಿಗೆ ಬಂತು. ಬಿಳಿ ಹೋರಿಯೊಂದನ್ನು ಬಲಿ ಕೊಟ್ಟು, ಮಾತು ಮುರಿದವನಿಗೆ ಇದೇ ಗತಿ ಅಂತ ಆಣೆ ಇಟ್ಟರು.

ಬಿಳಿ ಹೋರಿಗೆ ಡಿಂಕಾ ಭಾಷೆಯಲ್ಲಿ ಮಬಿಯೋರ್ ಅನ್ನುತ್ತಾರೆ. ಅದು ಗಂಡಸರ ಹೆಸರೂ ಹೌದು. ಕಪ್ಪು ಬಿಳುಪಿನದು ಮಜೋಕ್, ಕೆಂಪಿನದು ಮಲುವಾಲ್. ನಮ್ಮ ಕೊಟ್ಟಿಗೆಯಲ್ಲೂ ಬಣ್ಣ ನೋಡಿಯೇ ಕೆಂದ, ಕರಿಯ ಅಂತ ಕರೆಯುತ್ತಿದ್ದೆವು. ಇದನ್ನು ಹೇಳಿದಾಗ ಇಡೀ ಹಾಲ್ ನಕ್ಕಿತು. ಎರಡೂ ಕಡೆಯವರು ಒಟ್ಟಿಗೆ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ಇನ್ನೊಂದು ಶನಿವಾರ ಎಲ್ಲರ ಕೈಗೂ ಖಾಲಿ ಹಾಳೆ ಕೊಟ್ಟರು. ಊರಿಂದ ಕೆಟ್ಟ ಸುದ್ದಿ ಬಂದರೆ ಮೊದಲ ಕರೆ ಯಾರಿಗೆ ಮಾಡುತ್ತೀರಿ, ಬರೆಯಿರಿ. ಅಣ್ಣ, ತಂಗಿ, ಮಾವ, ಪಾದ್ರಿ. ಹಾಳೆಗಳನ್ನು ಗೋಡೆಗೆ ಅಂಟಿಸಿದಾಗ ಎಲ್ಲರಿಗೂ ಕಾಣಿಸಿತು. ಒಂದು ಕರೆಯೂ ತಮ್ಮ ಜನಾಂಗ ಬಿಟ್ಟು ಆಚೆ ಹೋಗಿರಲಿಲ್ಲ. ಆಗ ಜೋಡಿ ಮಾಡಿದರು. ಒಬ್ಬ ಡಿಂಕಾ, ಒಬ್ಬ ನುಯೇರ್. ಇನ್ನು ಮುಂದೆ ಮೊದಲ ಕರೆ ಜೋಡಿಗೆ. ವಾದ ಮಾಡಲು ಅಲ್ಲ. "ನಿಮ್ಮವರು ಹೇಗಿದ್ದಾರೆ?" ಅಂತ ಕೇಳಲು. ಮುಖಂಡ ಅಂದರೆ ವೇದಿಕೆ ಮೇಲೆ ಸೂಟು ಹಾಕಿ ನಿಲ್ಲುವವರು ಅಂತ ನಾವೂ ಅಂದುಕೊಂಡಿರುತ್ತೇವೆ, ಅಲ್ವಾ? ಈ ಕೆಲಸವನ್ನು ಗಟ್ಟಿಯಾಗಿ ಹಿಡಿದುಕೊಂಡವರು ಹೆಂಗಸರು. ಊರಿಗೆ ದಿನಾ ಫೋನ್ ಮಾಡುವವರು ಅವರೇ.

ನಮ್ಮ ಪಕ್ಕದ ಮನೆಯಾಕೆಗೆ ಜೋಡಿಯಾಗಿ ಸಿಕ್ಕಿದ್ದು ನಾಸಿರ್ ಊರಿನ ಒಬ್ಬ ನುಯೇರ್ ಹೆಂಗಸು. 1991ರಲ್ಲಿ ಬೋರ್‌ನಲ್ಲಿ ನುಯೇರ್ ಪಡೆಗಳು ನಡೆಸಿದ ಕೊಲೆಗಳಲ್ಲಿ ನಮ್ಮ ಪಕ್ಕದ ಮನೆಯಾಕೆಯ ದೊಡ್ಡಪ್ಪ ಸತ್ತಿದ್ದರು. 2013ರಲ್ಲಿ ರಾಜಧಾನಿ ಜೂಬಾದಲ್ಲಿ ನುಯೇರ್ ಜನರನ್ನು ಮನೆ ಮನೆ ಹುಡುಕಿ ಕೊಂದಾಗ ಆ ನುಯೇರ್ ಹೆಂಗಸಿನ ತಮ್ಮ ಹೋದ. ಇಬ್ಬರೂ ಹೇಳಿಕೊಂಡರು. ಕ್ಷಮಿಸಿದೆ ಅಂತ ಯಾರೂ ಅನ್ನಲಿಲ್ಲ. ನಂಬರ್ ಬರೆದುಕೊಂಡರು.

2025ರ ಮಾರ್ಚ್ ಮೊದಲ ವಾರ ನಾಸಿರ್‌ನಲ್ಲಿ ಮತ್ತೆ ಶುರುವಾಯಿತು. ಬಿಳಿ ಸೇನೆ ಅನ್ನುವ ನುಯೇರ್ ಯುವಕರ ಪಡೆ ಅಲ್ಲಿನ ಸೇನಾ ನೆಲೆಯನ್ನು ಹಿಡಿಯಿತು. ಗಾಯಾಳು ಸೈನಿಕರನ್ನು ಕರೆದೊಯ್ಯಲು ಹೋದ ವಿಶ್ವಸಂಸ್ಥೆಯ ಹೆಲಿಕಾಪ್ಟರ್ ಮೇಲೂ ಗುಂಡು ಹಾರಿತು. ಆಮೇಲೆ ಸರ್ಕಾರದ ಬಾಂಬ್ ದಾಳಿ. ತಿಂಗಳ ಕೊನೆಗೆ ಮಚಾರ್ ಅವರನ್ನು ಮನೆಯಲ್ಲೇ ಬಂಧಿಸಿದರು. ಇಲ್ಲಿನ ಫೋನುಗಳು ಮತ್ತೆ ಬಿಸಿಯಾದವು.

ಒಂದು ಬೆಳಿಗ್ಗೆ ಆಕೆ ರಾತ್ರಿ ಪಾಳಿ ಮುಗಿಸಿ ಬಂದು ಕಾರಿನಲ್ಲೇ ಕೂತಿದ್ದಳು. ಹೋಗಿ ಗಾಜು ತಟ್ಟಿದೆ. "ಅವಳಿಗೆ ಕರೆ ಮಾಡಿದೆ. ಅವಳ ಅಮ್ಮನ ಫೋನ್ ನಾಲ್ಕು ದಿನದಿಂದ ಹತ್ತುತ್ತಿಲ್ಲವಂತೆ" ಅಂದಳು. ನಿದ್ದೆ ಮಾಡಲಿಲ್ಲ. ಒಳಗೆ ಹೋಗಿ ಹುದುಗಿಸಿಟ್ಟ ಹಿಟ್ಟು ತಂದು, ಹಿತ್ತಿಲಲ್ಲಿ ಒಲೆ ಹಚ್ಚಿದಳು. ನಾನು ಪಕ್ಕದಲ್ಲಿ ನಿಂತು ಬೆಂದ ಕಿಸ್ರಾಗಳನ್ನು ಮಡಚಿ ಡಬ್ಬಿಗೆ ಹಾಕಿದೆ. ಹತ್ತು ಗಂಟೆಗೆ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಸೀಟಿನ ಮೇಲಿಟ್ಟು, ಅವಳ ಮನೆಗೆ ಹೊರಟಳು.